ಗೆದ್ದವನಿಗೆ ಕುರ್ಚಿ ಇಲ್ಲ

ವೋಟು ಹಾಕುವುದಕ್ಕೂ ಯೋಗ್ಯತೆ ಬೇಕು ಎಂದು ಅಮೆರಿಕದ ದಕ್ಷಿಣ ರಾಜ್ಯಗಳ ಬಿಳಿಯರು ದಶಕಗಳ ಕಾಲ ಹೇಳುತ್ತ ಬಂದರು. ಸಂವಿಧಾನದ ಒಂದು ಕಲಮು ಓದು, ಅರ್ಥ ಹೇಳು ಎಂದು ಕಪ್ಪು ಜನರನ್ನು ಕೇಳುತ್ತಿದ್ದರು. ಪ್ರಶ್ನೆ ಕೇಳುವವನೂ ಬಿಳಿಯ, ಪಾಸು ನಪಾಸು ಮಾಡುವವನೂ ಬಿಳಿಯ. 1965ರ ಆಗಸ್ಟಿನಲ್ಲಿ ಬಂದ ಮತದಾನ ಹಕ್ಕು ಕಾಯ್ದೆ ಈ ಪರೀಕ್ಷೆಗಳನ್ನು ತಡೆಯಿತು. ಅಷ್ಟಕ್ಕೇ ಯಜಮಾನರು ಸುಮ್ಮನಾದರೇನು?

ಅದೇ ವರ್ಷ ಅಟ್ಲಾಂಟಾದ ಕಪ್ಪು ಯುವಕ ಜೂಲಿಯನ್ ಬಾಂಡ್ ಜಾರ್ಜಿಯಾ ಶಾಸನಸಭೆಗೆ ಗೆದ್ದ. ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿಯ ಕಾರ್ಯಕರ್ತ ಅವನು. ಆಗ ಅಮೆರಿಕದ ಸೈನ್ಯ ವಿಯೆಟ್ನಾಮಿನ ಹಳ್ಳಿಗಳ ಮೇಲೆ ಬಾಂಬು ಸುರಿಯುತ್ತಿತ್ತು. 1966ರ ಜನವರಿ 3ರಂದು ಅಲಬಾಮಾದ ಟಸ್ಕೆಗಿಯಲ್ಲಿ ಸ್ಯಾಮಿ ಯಂಗ್ ಎಂಬ ಕಪ್ಪು ವಿದ್ಯಾರ್ಥಿಯನ್ನು ಒಬ್ಬ ಬಿಳಿಯ ಗುಂಡಿಟ್ಟು ಕೊಂದ. ಬಿಳಿಯರ ಕಕ್ಕಸು ಬಳಸಲು ಹೋದದ್ದೇ ಜಗಳಕ್ಕೆ ಕಾರಣ. ಯಂಗ್ ಅಮೆರಿಕದ ನೌಕಾಪಡೆಯಲ್ಲಿ ದುಡಿದು ಬಂದವನು. ದೇಶಕ್ಕಾಗಿ ಸಾಯಲು ಯೋಗ್ಯ, ದೇಶದ ಕಕ್ಕಸಿಗೆ ಅಯೋಗ್ಯ!

ಮೂರು ದಿನಕ್ಕೆ ಸಮಿತಿ ಹೇಳಿಕೆ ಹೊರಡಿಸಿತು. ಯಂಗ್‌ನ ಕೊಲೆಯೂ ವಿಯೆಟ್ನಾಮಿನ ರೈತರ ಕೊಲೆಯೂ ಬೇರೆಯಲ್ಲ ಎಂದಿತು. ಸೈನ್ಯದ ಕರೆಗೆ ಓಗೊಡದವರ ಪರ ನಿಂತಿತು. ಬಾಂಡ್ ಅದನ್ನು ಒಪ್ಪಿದೆ ಎಂದ. ಜನವರಿ 10ರಂದು ಪ್ರಮಾಣವಚನಕ್ಕೆ ಹೋದರೆ, 184 ಜನ ಅವನಿಗೆ ಕುರ್ಚಿ ಬೇಡವೆಂದರು, 12 ಜನ ಬೇಕೆಂದರು. ವಯಸ್ಸು, ವಾಸ, ಯಾವುದರಲ್ಲೂ ಅವನಿಗೆ ಕೊರತೆಯಿರಲಿಲ್ಲ. ಹಾಗಾದರೆ ಕೊರತೆ ಯಾವುದು? ಯುದ್ಧ ಬೇಡವೆನ್ನುವವನು ಸಂವಿಧಾನಕ್ಕೆ ನಿಷ್ಠನಾಗಲಾರ ಎಂಬುದು ಅವರ ವಾದ. ಬಾಂಡ್ ಡೆಮಾಕ್ರಟ್, ಯುದ್ಧ ನಡೆಸುತ್ತಿದ್ದ ಅಧ್ಯಕ್ಷ ಜಾನ್ಸನ್ ಡೆಮಾಕ್ರಟ್, ಬಾಗಿಲು ಹಾಕಿದವರಲ್ಲೂ ಬಹುಪಾಲು ಡೆಮಾಕ್ರಟರೇ. ಪಕ್ಷ ಒಂದೇ ಆದರೂ ಪಂಕ್ತಿ ಬೇರೆ.

ಖಾಲಿಯಾದ ಸ್ಥಾನಕ್ಕೆ ಮತ್ತೆ ಚುನಾವಣೆ ನಡೆಯಿತು. ಜನ ಬಾಂಡ್‌ನನ್ನೇ ಗೆಲ್ಲಿಸಿದರು. ಸಭೆಯ ನಿಯಮ ಸಮಿತಿ ಮತ್ತೆ ತಳ್ಳಿತು. ನವೆಂಬರಿನಲ್ಲಿ ಮೂರನೇ ಸಲ ಗೆಲ್ಲಿಸಿದರು. ನಾವು ನೆನೆಯಬೇಕಾದ್ದು ಈ ಮತದಾರರನ್ನು. ಹೊರಗೆ ನಿಂತದ್ದು ಬಾಂಡ್ ಒಬ್ಬನಲ್ಲ, ಇಡೀ ಕ್ಷೇತ್ರ.

1966ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಒಮ್ಮತದ ತೀರ್ಪು ಕೊಟ್ಟರು. ಪ್ರಮಾಣವಚನದ ನೆಪದಲ್ಲಿ ಸದಸ್ಯನ ಮನಸ್ಸಿನ ಪ್ರಾಮಾಣಿಕತೆ ಅಳೆಯುವ ಅಧಿಕಾರ ಬಹುಮತಕ್ಕಿಲ್ಲ, ಸರ್ಕಾರದ ನೀತಿಯನ್ನು ಟೀಕಿಸುವ ಹಕ್ಕು ಶಾಸಕನಿಗೂ ಉಂಟು ಎಂದರು. 1967ರ ಜನವರಿಯಲ್ಲಿ ಬಾಂಡ್ ಒಳಗೆ ಕುಳಿತ.

1968ರ ಷಿಕಾಗೋ ಅಧಿವೇಶನದಲ್ಲಿ ಯುದ್ಧದ ವಿಷಯಕ್ಕೆ ಡೆಮಾಕ್ರಟ್ ಪಕ್ಷವೇ ಸೀಳಿತು. ಅಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಬಾಂಡ್ ಹೆಸರು ಬಂತು. ಅದಕ್ಕೆ 35 ವರ್ಷ ಆಗಿರಬೇಕು, ಅವನಿಗೆ 28. ತಾನೇ ಹಿಂದೆ ಸರಿದ. ಎಲ್ಲರಿಗೂ ಒಂದೇ ಆದ, ಬರೆದಿಟ್ಟ ನಿಯಮಕ್ಕೆ ಅವನ ತಕರಾರಿರಲಿಲ್ಲ. ತಕರಾರಿದ್ದದ್ದು ಬರೆಯದ ನಿಯಮಕ್ಕೆ: ಒಳಗೆ ಬಾ, ಆದರೆ ಬಾಯಿ ಮುಚ್ಕೊಂಡಿರು.

ಮೀಸಲು ಕ್ಷೇತ್ರಗಳಿಂದ ಗೆದ್ದ ನಮ್ಮವರಿಗೆ ಈ ಬರೆಯದ ನಿಯಮ ಹೊಸದೇನಲ್ಲ. ಅದನ್ನು ಮುರಿದವರ ಬೆನ್ನಿಗೆ ಅಟ್ಲಾಂಟಾದ ಜನ ಮೂರು ಸಲ ನಿಂತರು. ನಾವು ಎಷ್ಟು ಸಲ ನಿಂತಿದ್ದೇವೆ?