ಉಬ್ಬರರೇಖೆಯ ಮೇಲಿನ ಗೋಡೆ: ಕಾಸರಗೋಡು ಕರಾವಳಿಯಲ್ಲಿ ಖಾಸಗಿ ತಡೆಗೋಡೆ, ಪರಿಸರ ಪರಿಶೀಲನೆ ಮತ್ತು ಭಾಷೆ

ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ಕಾಸರಗೋಡು ಜಿಲ್ಲೆಯ ಕಡಲಂಚು ಹೊಳೆಗಳ ಅಳಿವೆಗಳಿಂದ ತುಂಡುತುಂಡಾದ ಕಿರಿದಾದ ಮರಳುಪಟ್ಟಿ. ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲು, ಚಂದ್ರಗಿರಿ ಹೊಳೆಗಳು ಸಮುದ್ರ ಸೇರುವ ಈ ಪಟ್ಟಿಯಲ್ಲಿ ಮುಂಗಾರಿನ ಕಡಲ್ಕೊರೆತ ಹಳೆಯ ಸಂಗತಿ. ತನ್ನ ತೆಂಗಿನ ತೋಟವನ್ನೋ ಮನೆಯನ್ನೋ ಉಳಿಸಿಕೊಳ್ಳಲು ಕಲ್ಲಿನ ಗೋಡೆ ಕಟ್ಟುವುದು, ಅದರ ಮಗ್ಗುಲಲ್ಲಿ ದೋಣಿ ಇಳಿಸಲು ಕಾಂಕ್ರೀಟಿನ ಇಳಿಜಾರು ಹಾಕುವುದು ಒಡೆಯನ ದೃಷ್ಟಿಯಲ್ಲಿ ತನ್ನ ನೆಲದೊಳಗಿನ ವ್ಯವಹಾರ. ಕಾನೂನಿನ ದೃಷ್ಟಿಯಲ್ಲಿ ಅದು ಹಾಗಲ್ಲ. ಈ ಎರಡು ದೃಷ್ಟಿಗಳ ನಡುವಿನ ಅಂತರ ಹೇಗೆ ಬೆಳೆಯಿತು, ಅದರಲ್ಲಿ ಕನ್ನಡ ಬಲ್ಲ ಕರಾವಳಿಗರ ಮಾತಿಗೆ ಎಷ್ಟು ಎಡೆ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಗೋಡೆಯ ಕೆಲಸವನ್ನು ಗಮನಿಸಬೇಕು. ಮರಳದಂಡೆ ಅಲೆಯ ರಭಸವನ್ನು ಹರಡಿ ಹೀರಿಕೊಳ್ಳುತ್ತದೆ. ಗೋಡೆ ಅದನ್ನು ಹಿಂದಕ್ಕೆ ಎಸೆಯುತ್ತದೆ. ಹಿಮ್ಮರಳಿದ ಅಲೆ ಗೋಡೆಯ ಬುಡದ ಮರಳನ್ನು ಕೆರೆದು ಒಯ್ಯುವುದರಿಂದ ಎದುರಿನ ದಂಡೆ ತಗ್ಗುತ್ತಾ ಹೋಗುತ್ತದೆ. ಗೋಡೆ ಮುಗಿಯುವಲ್ಲಿ, ಎಂದರೆ ನೆರೆಯವನ ಗಡಿಯಲ್ಲಿ, ಕೊರೆತ ಹೆಚ್ಚುತ್ತದೆ. ನೀರಿನೊಳಕ್ಕೆ ಚಾಚಿದ ಇಳಿಜಾರು ದಂಡೆಗುಂಟ ಸಾಗುವ ಮರಳಿಗೆ ಅಡ್ಡವಾಗಿ, ಒಂದು ಬದಿಯಲ್ಲಿ ಮರಳನ್ನು ಕೂಡಿಸಿ ಇನ್ನೊಂದು ಬದಿಯನ್ನು ಬರಿದುಮಾಡುತ್ತದೆ. ಆದುದರಿಂದ ಒಬ್ಬನ ರಕ್ಷಣೆ ಇನ್ನೊಬ್ಬನ ನಷ್ಟವಾಗಬಲ್ಲುದು. ಪರಿಸರ ಪರಿಶೀಲನೆಯ ಅಗತ್ಯ ಹುಟ್ಟುವುದು ಈ ಸರಳ ಸಂಗತಿಯಿಂದಲೇ.

1956ರ ನವೆಂಬರ್ 1ರವರೆಗೆ ಕಾಸರಗೋಡು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಅಲ್ಲಿ ಅನ್ವಯವಾಗುತ್ತಿದ್ದ 1905ರ ಮದರಾಸು ಭೂ ಅತಿಕ್ರಮಣ ಕಾಯಿದೆಯು ಉಬ್ಬರರೇಖೆಗಿಂತ ಕೆಳಗಿನ ಸಮುದ್ರತಳ, ಬಂದರು ಮತ್ತು ಕಡಲಕೊಲ್ಲಿಗಳ ತಳವನ್ನು ಸರಕಾರದ ಸ್ವತ್ತೆಂದು ಘೋಷಿಸಿತು. ಕೇರಳ ರಚನೆಯಾದ ಬಳಿಕ ಬಂದ 1957ರ ಭೂ ಸಂರಕ್ಷಣಾ ಕಾಯಿದೆಯೂ ಅದೇ ನಿಲುವನ್ನು ಮುಂದುವರಿಸಿತು. ಹೀಗೆ ರಾಜ್ಯ ಬದಲಾದರೂ ರೇಖೆ ಬದಲಾಗಲಿಲ್ಲ. ಆದರೆ ಈ ರೇಖೆಗೆ ತಿಳಿದಿದ್ದವರು ಇಬ್ಬರೇ: ಪಟ್ಟಾದಾರ ಮತ್ತು ಸರಕಾರ. ದೋಣಿಯನ್ನು ದಡಕ್ಕೆಳೆಯುವವರು, ಮೀನು ಒಣಗಿಸುವವರು, ರಂಪಣಿ ಬಲೆ ಎಳೆಯುವವರು ದಾಖಲೆಯ ಪರಂಬೋಕು ಎಂಬ ಒಂದು ಪದದೊಳಗೆ ಮರೆಯಾದರು. ದಕ್ಷಿಣ ಕನ್ನಡದ ರಂಪಣಿಗೆ ಹತ್ತಾರು ಜನ ಸಾಲುಗಟ್ಟಿ ನಿಂತು ಎಳೆಯಲು ತೆರಪಾದ ದಂಡೆ ಬೇಕಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬಲೆಯ ಯಾಂತ್ರಿಕ ಮೀನುಗಾರಿಕೆ ಹಬ್ಬಿ ರಂಪಣಿ ಹಿಂದೆ ಸರಿದಂತೆ, ಆ ತೆರಪಿನ ಮೇಲಿದ್ದ ರೂಢಿಯ ಹಕ್ಕಿಗೆ ಕಣ್ಣಿಗೆ ಕಾಣುವ ಸಾಕ್ಷಿಯೂ ಕ್ಷೀಣಿಸಿತು.

ಎರಡನೆಯ ರೇಖೆ ಎಳೆಯಲ್ಪಟ್ಟುದು ದೆಹಲಿಯಿಂದ. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರರೇಖೆಯಿಂದ 500 ಮೀಟರ್‌ವರೆಗೆ ದಂಡೆಯನ್ನು ತೆರವಾಗಿಡುವಂತೆ ಸೂಚಿಸಿದರು. ಅದಕ್ಕೆ ಶಾಸನಬಲ ಬಂದುದು 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1991ರ ಫೆಬ್ರವರಿ 19ರಂದು ಹೊರಟ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಿಂದ. ಸಮುದ್ರದ ಸಹಜ ಹರಿವಿಗೆ ಅಡ್ಡಿಯಾಗುವ ಒಡ್ಡುಗಳನ್ನು ಅದು ನಿಷೇಧಿಸಿತು; ಬಂದರು, ಜೆಟ್ಟಿ, ದೋಣಿ ಇಳಿಜಾರುಗಳಿಗೂ ಕೊರೆತ ತಡೆಯುವ ಕಾಮಗಾರಿಗೂ ವಿನಾಯಿತಿ ನೀಡಿತು. ಖಾಸಗಿ ಗೋಡೆ ಮತ್ತು ಇಳಿಜಾರಿನ ಪರವಾದ ವಾದಗಳೆಲ್ಲ ಪ್ರವೇಶಿಸಬಹುದಾದುದು ಈ ಎರಡು ವಿನಾಯಿತಿಗಳ ಬಾಗಿಲಿನಿಂದಲೇ. ಅದೇ ಅಧಿಸೂಚನೆ ಎರಡು ಕಡಲತೀರ ವಸತಿಗೃಹಗಳ ನಡುವೆ ಜನ ದಂಡೆಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ತೆರಪು ಇರಬೇಕೆಂದೂ ವಿಧಿಸಿತ್ತು ಎಂಬುದು ಗಮನಾರ್ಹ. ದಂಡೆಯ ನಡಿಗೆದಾರಿ ಮೊದಲ ಬಾರಿಗೆ ಮೀಟರುಗಳಲ್ಲಿ ಅಳೆಯಲ್ಪಟ್ಟಿತು.

2011ರ ಜನವರಿ 6ರ ಅಧಿಸೂಚನೆ ಈ ಬಾಗಿಲನ್ನು ಸ್ವಲ್ಪ ಕಿರಿದುಗೊಳಿಸಿತು. ಕೊರೆತ ತಡೆಯುವ ಕ್ರಮಗಳು ಪರಿಸರ ಪರಿಣಾಮ ಅಧ್ಯಯನವೂ ಸೇರಿದ ವೈಜ್ಞಾನಿಕ ಆಧಾರದ ಮೇಲೆ ಇರಬೇಕೆಂದಿತು. ಅರ್ಜಿಯ ಜೊತೆ ಉಬ್ಬರ–ಇಳಿತ ರೇಖೆಗಳನ್ನು ಗುರುತಿಸಿದ 1:4000 ಪ್ರಮಾಣದ ನಕ್ಷೆ ಬೇಕು. ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರವು 60 ದಿನಗಳೊಳಗೆ ಶಿಫಾರಸು ನೀಡಬೇಕು. ಸ್ಥಳೀಯ ನಕ್ಷೆಗಳಲ್ಲಿ ಮೀನುಗಾರ ಗ್ರಾಮಗಳು, ಮೀನುಗಾರ ಸಮುದಾಯಗಳ ಸಾಮೂಹಿಕ ಸ್ವತ್ತು, ಮೀನು ಒಣಗಿಸುವ ಜಾಗ ಇವುಗಳನ್ನು ಗುರುತಿಸಬೇಕೆಂಬ ಸೂಚನೆಯೂ ಬಂದಿತು. 1905ರ ಕಾಯಿದೆ ಕಾಣದ ಮೂರನೆಯವರು ಹೀಗೆ ಕಾಗದದ ಮೇಲೆ ಕಾಣಿಸಿಕೊಂಡರು. 2019ರ ಜನವರಿ 18ರ ಅಧಿಸೂಚನೆ ಪ್ರತಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ದಂಡೆಯಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50ಕ್ಕೆ ಇಳಿಸಿತು. ಮನೆಗಳು ಅಲೆಗೆ ಹತ್ತಿರವಾದಷ್ಟೂ ಗೋಡೆಯ ಬೇಡಿಕೆ ಬೆಳೆಯುವುದು ಸಹಜ.

ನ್ಯಾಯಾಲಯಗಳ ಇತಿಹಾಸವೂ ಇದೇ ಪಾಠವನ್ನು ಹೇಳುತ್ತದೆ. ಗೋವೆಯ ವೈಂಗಿಣಿ ಕಡಲತೀರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ ದಂಡೆಗೆ ಸಾಗುವ ದಾರಿಯನ್ನು ಸಾರ್ವಜನಿಕ ನ್ಯಾಸದ ತತ್ತ್ವದಡಿ ಎತ್ತಿಹಿಡಿಯಿತು. ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ದ್ವೀಪದ ಐಷಾರಾಮಿ ವಸತಿಗೃಹವನ್ನು ಕೆಡವಬೇಕೆಂಬ ಕೇರಳ ಹೈಕೋರ್ಟಿನ 2013ರ ಆದೇಶವನ್ನು ಅದು 2020ರ ಜನವರಿಯಲ್ಲಿ ಖಾಯಂ ಮಾಡಿತು. ಕೆಡಹುವ ಕೆಲಸ ಆರಂಭವಾದುದು 2022ರಲ್ಲಿ. ಆ ವ್ಯಾಜ್ಯದ ಬೇರಿನಲ್ಲಿದ್ದುದು ಗೂಟದ ಬಲೆ ಕಳೆದುಕೊಂಡ ಮೀನುಗಾರರ ದೂರು. ಕಟ್ಟುವ ಮೊದಲೇ ಅವರ ಮಾತು ಕೇಳಿದ್ದರೆ ಕೆಡಹುವ ಪ್ರಸಂಗವೇ ಒದಗುತ್ತಿರಲಿಲ್ಲವೆನ್ನಬಹುದು.

ಕೇಳುವುದು ಯಾವ ಭಾಷೆಯಲ್ಲಿ ಎಂಬುದೇ ಗಡಿನಾಡಿನ ಪ್ರಶ್ನೆ. 2006ರ ಪರಿಸರ ಪರಿಣಾಮ ಅಧಿಸೂಚನೆ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಅಹವಾಲನ್ನೂ ಸ್ಥಳೀಯ ಭಾಷೆಯ ಸಾರಾಂಶವನ್ನೂ ವಿಧಿಸುತ್ತದೆ. ಒಂಟಿ ಮನೆಯ ಗೋಡೆ ಆ ಪಟ್ಟಿಗೆ ಸೇರುವುದಿಲ್ಲ. ನಕ್ಷೆ ಮತ್ತು ವರದಿ ಇಂಗ್ಲಿಷಿನಲ್ಲಿ, ಕಚೇರಿಯ ಟಿಪ್ಪಣಿ ಮಲಯಾಳದಲ್ಲಿ ಸಾಗುವಾಗ, ಕನ್ನಡ ಓದುವ ನೆರೆಯವನಿಗೆ ಸುದ್ದಿ ತಲುಪುವುದು ಕಲ್ಲಿನ ಲಾರಿ ಬಂದ ಮೇಲೆಯೇ. ಸ್ಥಳೀಯ ಭಾಷೆ ಎಂಬ ಪದಕ್ಕೆ ರಾಜ್ಯಭಾಷೆ ಎಂಬುದೊಂದೇ ಅರ್ಥವಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ, ತಮ್ಮ ಪ್ರದೇಶದ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನೀಡಿದೆ. ಪರಿಸರ ಕಾನೂನಿನಲ್ಲಿಯೂ ಈ ತತ್ತ್ವ ಅಪರಿಚಿತವಲ್ಲ: 2020ರ ಕರಡು ಪರಿಸರ ಪರಿಣಾಮ ಅಧಿಸೂಚನೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸುವಂತೆ ದೆಹಲಿ ಹೈಕೋರ್ಟು ಆ ವರ್ಷದ ಜೂನ್ 30ರಂದು ಆದೇಶಿಸಿತ್ತು.

ಭಾಷೆ ಇಲ್ಲಿ ಸೌಕರ್ಯ ಮಾತ್ರವಲ್ಲ, ಸಾಕ್ಷ್ಯವೂ ಹೌದು. ತಾಲೂಕಿನ ಹಳೆಯ ಭೂದಾಖಲೆಗಳು ಕನ್ನಡದಲ್ಲಿವೆ. ಹಿಂದೊಮ್ಮೆ ಯಾವ ಹಿತ್ತಿಲು ಎಲ್ಲಿಗೆ ಮುಗಿಯುತ್ತಿತ್ತು, ಪರಂಬೋಕು ಎಷ್ಟು ಅಗಲವಿತ್ತು ಎಂಬ ವಿವರವನ್ನು ಇಂದಿನ ದಂಡೆಯೊಡನೆ ಹೋಲಿಸಿದರೆ ಕೊರೆತದ ವೇಗವೂ ಅತಿಕ್ರಮಣದ ಪ್ರಮಾಣವೂ ಬೆಳಕಿಗೆ ಬಂದಾವು. ಅವನ್ನು ಓದಬಲ್ಲವರಿಲ್ಲದ ಪರಿಶೀಲನೆ ಉಪಗ್ರಹ ಚಿತ್ರಗಳ ಕೆಲವು ದಶಕಗಳಿಗೆ ಸೀಮಿತವಾಗುತ್ತದೆ. ಮಂಜೇಶ್ವರವು ಮಂಜೇಶ್ವರಂ ಎಂದೂ ಕುಂಬಳೆಯು ಕುಂಬಳ ಎಂದೂ ಬರೆಯಲ್ಪಡುವಲ್ಲಿ, ದಾಖಲೆಯ ಹೆಸರನ್ನು ನಕ್ಷೆಯ ಹೆಸರಿಗೆ ಹೊಂದಿಸುವುದೂ ವಿದ್ವತ್ತಿನ ಕೆಲಸವೇ.

ಒಡೆಯನ ಸಂಕಟವನ್ನು ಅಲ್ಲಗಳೆಯುವಂತಿಲ್ಲ. ಶಿಫಾರಸಿಗೆ 60 ದಿನ ಬೇಕು; ಮುಂಗಾರಿನ ಕಡಲಿಗೆ ತೋಟ ನುಂಗಲು ಒಂದು ರಾತ್ರಿ ಸಾಕು. ಪರಿಶೀಲನೆ ತಡೆಯೆನಿಸಿದಾಗ ಅನುಮತಿಯಿಲ್ಲದ ಗೋಡೆಗಳು ಏಳುತ್ತವೆ. ಆದುದರಿಂದ ಬೇಕಾದುದು ಪರಿಶೀಲನೆಯ ಸಡಿಲಿಕೆಯಲ್ಲ, ಅದು ಹತ್ತಿರವಾಗುವುದು. ಅರ್ಜಿಯ ಸಾರಾಂಶ ಗ್ರಾಮ ಪಂಚಾಯತಿನ ಫಲಕದಲ್ಲಿ ಕನ್ನಡದಲ್ಲಿಯೂ ಪ್ರಕಟವಾಗಬೇಕು, ಗೋಡೆಯ ಎರಡೂ ಕೊನೆಗಳ ನೆರೆಯವರಿಗೆ ತಿಳುವಳಿಕೆ ಹೋಗಬೇಕು, ಹಳೆಯ ಕನ್ನಡ ದಾಖಲೆ ಕಡತಕ್ಕೆ ಸೇರಬೇಕು. ಇವುಗಳಿಗೆ ಹೊಸ ಶಾಸನ ಬೇಕಿಲ್ಲ. 1969ರ ಕಾಯಿದೆ ಮತ್ತು ಕರಾವಳಿ ಅಧಿಸೂಚನೆಯನ್ನು ಒಟ್ಟಿಗೆ ಓದಿದರೆ ಸಾಕು.