ಅಪವಾದ ನುಡಿಯುವ ಸಾಕ್ಷ್ಯ

ಹೊಸಬರ ಸಿನಿಮಾ ಓಡುವುದಿಲ್ಲ ಎಂದು ಒಬ್ಬರು ಬರೆಯುತ್ತಾರೆ. ಚೆನ್ನಾಗಿಯೇ ಓಡಿದ ಒಂದನ್ನು ಯಾರಾದರೂ ತೋರಿಸಿದರೆ, ಅಪವಾದವೇ ನಿಯಮವನ್ನು ಸಾಬೀತುಪಡಿಸುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಂಗ್ಲಿಷಿನಿಂದ ನಮ್ಮ ಬರಹಕ್ಕೆ ಬಂದ ಈ ಮಾತನ್ನು ಹೀಗೆ ಬಳಸುತ್ತ ಹೋದರೆ ಜಗತ್ತಿನ ಯಾವ ಹೇಳಿಕೆಯೂ ಸುಳ್ಳಾಗಲಾರದು. ಎದುರು ಬಂದ ಪುರಾವೆಯೆಲ್ಲ ಪರವಾದ ಪುರಾವೆಯೇ ಆಗಿಬಿಡುತ್ತದೆ. ಆದರೆ ಈ ಮಾತಿನ ಬೇರು ಇರುವುದು ವಕೀಲರ ವಾದದಲ್ಲಿ, ಅಲ್ಲಿ ಅದಕ್ಕೆ ಖಚಿತವಾದ ಕೆಲಸವೊಂದಿತ್ತು.

ಕ್ರಿ.ಪೂ. 56ರಲ್ಲಿ ರೋಮಿನ ನ್ಯಾಯಾಲಯದಲ್ಲಿ ಬಾಲ್ಬಸ್ ಎಂಬಾತನ ವಿಚಾರಣೆ ನಡೆಯಿತು. ಆತ ಗಾಡೆಸ್ ನಗರದವನು, ಇಂದಿನ ಸ್ಪೇನಿನ ಕಾಡಿಜ್. ಸೇನಾನಿ ಪಾಂಪೆ ಅವನಿಗೆ ಕೊಟ್ಟಿದ್ದ ರೋಮನ್ ಪೌರತ್ವ ಅಕ್ರಮ ಎಂಬುದು ಆರೋಪ. ಅವನ ಪರ ನಿಂತ ಸಿಸೆರೊ ಹಳೆಯ ಒಪ್ಪಂದಗಳತ್ತ ಬೆರಳು ಮಾಡಿದ. ಹೆಲ್ವೇಟಿಯರಂಥ ಕೆಲವು ಜನರ ಜೊತೆಗಿನ ಒಪ್ಪಂದಗಳಲ್ಲಿ, ಅವರಲ್ಲಿ ಯಾರನ್ನೂ ರೋಮಿನ ಪೌರರನ್ನಾಗಿ ಸೇರಿಸಿಕೊಳ್ಳಬಾರದೆಂಬ ಷರತ್ತಿತ್ತು. ಅಲ್ಲಿ ಬೇಡವೆಂದು ಬರೆಯಬೇಕಾಯಿತು ಎಂದರೆ, ಗಾಡೆಸಿನ ಒಪ್ಪಂದದಂತೆ ಹಾಗೆ ಬರೆಯದ ಕಡೆ ಅವಕಾಶವಿದೆ ಎಂದೇ ಅರ್ಥ. ಇದು ಅವನ ವಾದ. ಬಾಲ್ಬಸ್ ಗೆದ್ದ, ಕ್ರಿ.ಪೂ. 40ರಲ್ಲಿ ಕಾನ್ಸಲ್ ಪದವಿಗೂ ಏರಿದ. 17ನೇ ಶತಮಾನದ ಇಂಗ್ಲಿಷ್ ಕಾನೂನಿನಲ್ಲಿ ಈ ತರ್ಕ ಲ್ಯಾಟಿನ್ ಸೂತ್ರವಾಗಿ ಚಲಾವಣೆಯಲ್ಲಿತ್ತು. ಹೊರಗಿಡದ ಪ್ರಕರಣಗಳಲ್ಲಿ ಎಂಬ ಬಾಲವೂ ಆ ಸೂತ್ರಕ್ಕಿತ್ತು. ಬಳಕೆಯಲ್ಲಿ ಬಾಲ ಉದುರಿತು, ಅದರ ಜೊತೆಗೇ ಅರ್ಥವೂ ಹೋಯಿತು. ವಸ್ತುಸಂಗ್ರಹಾಲಯದ ಬಾಗಿಲಲ್ಲಿ ‘ಭಾನುವಾರ ಪ್ರವೇಶ ಉಚಿತ’ ಎಂಬ ಬೋರ್ಡು ಕಂಡರೆ, ಸೋಮವಾರ ಹೋದವರು ಕೇಳುವ ಮೊದಲೇ ಜೇಬಿಗೆ ಕೈ ಹಾಕುತ್ತಾರೆ. ಮಿಕ್ಕ ದಿನ ಟಿಕೆಟ್ ಉಂಟೆಂದು ಅಲ್ಲಿ ಯಾರೂ ಬರೆದಿಲ್ಲ. ಬರೆದಿರುವ ಅಪವಾದವೇ ಬರೆಯದ ನಿಯಮಕ್ಕೆ ಸಾಕ್ಷಿ. ಸರಿಯಾದ ಬಳಕೆ ಇದು.

ಸಾಬೀತುಪಡಿಸು ಎಂಬುದರ ಇಂಗ್ಲಿಷ್ ಮೂಲವಾದ ‘ಪ್ರೂವ್’ ಕ್ರಿಯಾಪದಕ್ಕೆ ಹಿಂದೆ ಪರೀಕ್ಷಿಸು ಎಂಬ ಅರ್ಥವಿತ್ತು, ಹಾಗಾಗಿ ಅಪವಾದವು ನಿಯಮವನ್ನು ಒರೆಗೆ ಹಚ್ಚುತ್ತದೆ ಎಂದು ತಿಳಿಯಬೇಕು ಎನ್ನುವವರಿದ್ದಾರೆ. ಪದಕ್ಕೆ ಆ ಅರ್ಥವಿದ್ದದ್ದು ನಿಜ. ಆದರೆ ಉದುರಿದ ಬಾಲವನ್ನು ಮತ್ತೆ ಜೋಡಿಸಿ ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ: ಭಾನುವಾರದ ಬೋರ್ಡು ಸೋಮವಾರದ ಟಿಕೆಟ್ಟನ್ನು ಪರೀಕ್ಷಿಸುವುದಿಲ್ಲ, ಅದು ಇದೆಯೆಂದು ತಿಳಿಸುತ್ತದೆ. ಜನ ಬಳಸಿದ್ದೇ ಅರ್ಥ, ಹಳೆಯದನ್ನು ಹಿಡಿದು ಜಗ್ಗುವುದೇಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಒಂದು ಪದದ ವಿಷಯದಲ್ಲಿ ಅದನ್ನು ಒಪ್ಪಬಹುದು. ಇದು ಬರಿಯ ಪದವಲ್ಲ, ತರ್ಕದ ಒಂದು ಹೆಜ್ಜೆ. ಹೆಜ್ಜೆ ತಪ್ಪಿದರೆ ಬಳಕೆ ಅದನ್ನು ಸರಿಮಾಡಲಾರದು. ನಮಗಂತೂ ಈ ವಿವೇಕ ಹೊಸದಲ್ಲ. ಪಾಣಿನಿಯ ಪರಂಪರೆಯಲ್ಲಿ ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ ವಿಶೇಷ ವಿಧಿಗೆ ಅಪವಾದವೆಂದೂ ಹೆಸರು. ಅಪವಾದ ತನ್ನ ಎಲ್ಲೆಯೊಳಗೆ ಮಾತ್ರ ಉತ್ಸರ್ಗವನ್ನು ತಡೆದು, ಉಳಿದ ನೆಲವನ್ನು ಅದಕ್ಕೇ ಬಿಟ್ಟುಕೊಡುತ್ತದೆ. ಓಡಿದ ಆ ಸಿನಿಮಾಕ್ಕೆ ಇಂಥ ಎಲ್ಲೆಯನ್ನು ಯಾರೂ ಹಾಕಿರಲಿಲ್ಲ. ಹೊಸಬರವು ಹೆಚ್ಚಾಗಿ ಓಡುವುದಿಲ್ಲ, ಇದು ಓಡಿತು ಎಂದು ಬರೆದರೆ ಸಾಕಿತ್ತು.