ಬರಗಾಲದಲ್ಲಿ ಸುವಾರ್ತೆ: 1878ರ ಒಂಗೋಲು ದೀಕ್ಷಾಸ್ನಾನಗಳ ಮರುವಿಚಾರ

ಧಾತು-ಈಶ್ವರದ ಬರ (1876–78) ಮೈಸೂರು, ಬಳ್ಳಾರಿ, ನೆಲ್ಲೂರು ಸೀಮೆಗಳನ್ನು ಒಟ್ಟಿಗೇ ಹಿಂಡಿತು. ಅದರ ಬೆನ್ನಿಗೇ, 1878ರ ಜುಲೈ 3ರಂದು, ಒಂಗೋಲಿನ ಹತ್ತಿರ ಗುಂಡ್ಲಕಮ್ಮ ನದಿಯಲ್ಲಿ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನ್ನಿನವರು ಒಂದೇ ದಿನ 2,222 ಜನರಿಗೆ ದೀಕ್ಷಾಸ್ನಾನ ಕೊಟ್ಟರು. ಬಂದವರಲ್ಲಿ ಬಹುಪಾಲು ಮಾದಿಗರು. ಇಷ್ಟರಲ್ಲಿ ವಿವಾದವಿಲ್ಲ, ವಿವಾದವಿರುವುದು ಕಾರಣದಲ್ಲಿ.

ಹಸಿವೇ ಕಾರಣವೆಂಬುದು ಒಂದು ಹಳೆಯ ಆಕ್ಷೇಪ. ಬರದ ದಿನಗಳಲ್ಲಿ ಸುಮಾರು ಹದಿನೈದು ತಿಂಗಳು ದೀಕ್ಷಾಸ್ನಾನವನ್ನೇ ನಿಲ್ಲಿಸಿದ್ದೆ ಎಂಬುದು ಅದಕ್ಕೆ ಮಿಷನರಿ ಜಾನ್ ಕ್ಲಫ್ ಕೊಟ್ಟ ಉತ್ತರ. ಸಾಮೂಹಿಕ ಮತಾಂತರಗಳನ್ನು ಸಮೀಕ್ಷಿಸಿದ ಪಿಕೆಟ್ (1933), ಬಂದಾಗಿನ ಉದ್ದೇಶಕ್ಕಿಂತ ಅನಂತರದ ಬೋಧನೆಯೇ ಮುಖ್ಯವೆಂದರು. ಮೂರೂ ವಾದಗಳು ಕೇಳಿದವರ ಮನಸ್ಸನ್ನು ಅಳೆಯಲು ಹೊರಡುತ್ತವೆ. ಹೇಳಿದವರು ಯಾರು, ಯಾವ ದಾರಿಯಲ್ಲಿ ಹೇಳಿದರು ಎಂಬ ಪ್ರಶ್ನೆಗೆ ಹೆಚ್ಚು ಗಟ್ಟಿಯಾದ ಆಧಾರ ಸಿಗುತ್ತದೆ.

ಕ್ಲಫ್ ಅವರ ನಿಲುಗಡೆಯನ್ನೇ ಮೊದಲು ನೋಡೋಣ. ದೀಕ್ಷೆಗೆ ಪ್ರತಿಯಾಗಿ ಕಾಳು ಸಿಗಲಿಲ್ಲವೆಂದು ಅದು ತೋರಿಸುತ್ತದೆ, ನಿಜ. ಆದರೆ ಮುಂದಿನ ಬರಕ್ಕೆ, ಊರ ಗೌಡನ ಕಾಟಕ್ಕೆ ಒಬ್ಬ ದೊರೆಯ ಆಸರೆ ಬೇಕೆಂದು ಜನ ಕಾದಿರಬಹುದು. ಹಾಗಾಗಿ ನಿಲುಗಡೆ ಉದ್ದೇಶದ ಶುದ್ಧಿಗೆ ಸಾಕ್ಷಿಯಾಗದು. ಹಸಿವಿನ ವಾದಕ್ಕೂ ಇಂಥದೇ ತೊಡಕಿದೆ. ಅದೇ ಬರದಲ್ಲಿ ಧಾರವಾಡ ಸೀಮೆಯ ಬಾಸೆಲ್ ಮಿಷನ್ನೂ ಪರಿಹಾರಕ್ಕೆ ಇಳಿದಿತ್ತು. ಅಲ್ಲಿ ಈ ಪ್ರಮಾಣದ ಚಳವಳಿ ಏಳಲಿಲ್ಲ. ಹಸಿವು ಎರಡೂ ಕಡೆ ಇದ್ದಾಗ ವ್ಯತ್ಯಾಸವನ್ನು ಬೇರೆಡೆ ಹುಡುಕಬೇಕು.

ಒಂಗೋಲಿನಲ್ಲಿದ್ದ ಬೇರೆ ಅಂಶವೆಂದರೆ ಯರ್ರಗುಂಟ್ಲ ಪೇರಯ್ಯ. ತೊಗಲಿನ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ, ಯೋಗಮಾರ್ಗದ ಗುರುಗಳಲ್ಲಿ ಸಾಧನೆ ಮಾಡಿದ್ದ ಈ ಮಾದಿಗ ಕ್ರೈಸ್ತನಾದದ್ದು ಬರಕ್ಕೆ ಹತ್ತು ವರ್ಷ ಮೊದಲು. 1867ರ ಜನವರಿ 1ರಂದು ಒಂಗೋಲಿನ ಸಭೆ ಎಂಟು ಜನರಿಂದ ಆರಂಭವಾಯಿತು. ಅದೇ ತಿಂಗಳು ಪೇರಯ್ಯನ ಊರಾದ ತಾಳ್ಳಕೊಂಡಪಾಡಿನಲ್ಲಿ 28 ಜನ ಸೇರಿದರು. ಬರ ಬರುವ ಹೊತ್ತಿಗೆ ಸಂಖ್ಯೆ ಸಾವಿರ ದಾಟಿತ್ತು. ಮಾತು ಹರಡಿದ್ದು ಬಹುಮಟ್ಟಿಗೆ ಬೀಗರ, ನೆಂಟರ ಹಟ್ಟಿಗಳ ಮೂಲಕ.

ಬರ ಈ ಬಳಗವನ್ನು ಒಂದೆಡೆ ಕೂಡಿಸಿತು. ಬರಪರಿಹಾರಕ್ಕೆಂದು ತೋಡುತ್ತಿದ್ದ ಬಕಿಂಗ್‌ಹ್ಯಾಂ ಕಾಲುವೆಯ ಸುಮಾರು ಮೂರೂವರೆ ಮೈಲಿ ಅಗೆತವನ್ನು ಕ್ಲಫ್ ಗುತ್ತಿಗೆ ಹಿಡಿದು, ಮಾದಿಗ ಉಪದೇಶಿಗಳನ್ನೇ ಮೇಸ್ತ್ರಿಗಳನ್ನಾಗಿ ಇಟ್ಟರು. ಬೇರೆ ಬೇರೆ ಊರುಗಳ ಕೂಲಿಗಳು ಹಗಲು ಮಣ್ಣು ಹೊತ್ತು, ಬಿಡುವಿನಲ್ಲಿ ತಮ್ಮವರ ಬಾಯಿಂದಲೇ ಯೇಸುವಿನ ಮಾತು ಕೇಳಿದರು. ಕಷ್ಟಕಾಲದ ಈ ಸುವಾರ್ತೆಯ ಮುಖ್ಯ ವಾಹಕರು ವಿದೇಶಿ ಮಿಷನರಿಗಳಲ್ಲ, ಈ ಉಪದೇಶಿಗಳು ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಕೂಲಿ ಕೊಡುವವನ ಕಡೆಯ ಮೇಸ್ತ್ರಿಯೇ ಉಪದೇಶಿಯಾದಾಗ, ಕೇಳಿದವರು ಪೂರ್ತಿ ಸ್ವತಂತ್ರರಾಗಿದ್ದರು ಎನ್ನಲಾಗದು. ಜೊತೆಗೆ ನಮ್ಮ ಮುಖ್ಯ ಆಕರಗಳೆರಡೂ ಮಿಷನ್ ಮನೆಯವೇ: 1914ರಲ್ಲಿ ಪ್ರಕಟವಾದ ಕ್ಲಫ್ ಅವರ ಆತ್ಮಕಥನ, ಮತ್ತು ಅವರ ಪತ್ನಿ ಎಮ್ಮಾ ಮಾದಿಗರ ಬಾಯಿಮಾತುಗಳನ್ನು ಸಂಗ್ರಹಿಸಿ 1899ರಲ್ಲಿ ಹೊರತಂದ ಪುಸ್ತಕ. ಎರಡನೆಯದರಲ್ಲಿ ಉಪದೇಶಿಗಳ ದನಿ ಹೆಚ್ಚು ಹತ್ತಿರದಿಂದ ಕೇಳಿಸುತ್ತದೆ. ಆದರೂ ಅದನ್ನು ಬರೆದ ಕೈ ಬೇರೆಯದು. ಆದ್ದರಿಂದ ವಾಹಕರು ಯಾರೆಂಬುದರ ಬಗ್ಗೆ ನಾನು ಹೇಳುವಷ್ಟು ಖಚಿತವಾಗಿ, ಕೇಳಿದವರ ಒಳಗಿನ ನಂಬಿಕೆಯ ಬಗ್ಗೆ ಹೇಳಲಾರೆ.

ದೀಕ್ಷೆ ಪಡೆದವರಲ್ಲಿ ಎಷ್ಟು ಮಂದಿ ಉಳಿದರು, ಹೆಂಗಸರು ಈ ನಿರ್ಧಾರದಲ್ಲಿ ಎಷ್ಟು ಪಾಲುಗೊಂಡರು ಎಂಬ ಪ್ರಶ್ನೆಗಳು ತೆರೆದೇ ಇವೆ. ಅವಕ್ಕೆ ಉತ್ತರ ಬೇಕಿದ್ದರೆ ಮಿಷನ್ ವರದಿಗಳ ಜೊತೆಗೆ ಒಂಗೋಲು ಸೀಮೆಯ ಹಟ್ಟಿಗಳ ಮೌಖಿಕ ಚರಿತ್ರೆಯನ್ನೂ ಓದಬೇಕು.